ಉಪ್ಪಿನ ಗೆರೆ

ಇದು ಎಂದೆಂದಿಗೂ ಆಗುವ ಮಾತಲ್ಲ ಎಂದವರು ನಮ್ಮ ದೊಡ್ಡಪ್ಪ ಮಾದಪ್ಪನವರು. ಎಮ್ಮೆಯ ಮೈ ಉಜ್ಜುತ್ತಿದ್ದವರು ಕೈಯಲ್ಲಿದ್ದ ಹುಲ್ಲಿನ ಸಿಂಬಿಯನ್ನು ಕಲ್ಲಿನ ಮೇಲಿಟ್ಟು, ಕೈ ತೊಳೆದುಕೊಂಡು, ನಿಧಾನವಾಗಿ ಹೇಳಿದ ಮಾತು ಅದು.

“ಮಸಿನಗುಡೀಲಿ ಆಟದ ಕ್ಲಬ್ಬ? ಅದೂ ಮೊಟ್ಟೆ ಇದ್ದಂಗಿರೋ ಚೆಂಡ್ನಲ್ಲಿ? ಆಗಕ್ಕಿಲ್ಲ ಕನ್ಲಾ ಸಿದ್ದ. ಇಲ್ಲಿ ಒಂದು ಹಳೇ ಬಸ್‌ಸ್ಟ್ಯಾಂಡ್ ನೆಟ್ಟಗ ನಿಂತಿಲ್ಲ, ನಿನ್ ಕ್ಲಬ್ ನಿಂತದ?”

ಸಿದ್ದ ಅಂದರೆ ನಮ್ಮ ಚಿಕ್ಕಪ್ಪ ಸಿದ್ದರಾಜು. ಜೀಪು ಓಡಿಸುತ್ತಿದ್ದರು. ಆಗ ನಾನು ಹೈಸ್ಕೂಲಿನಲ್ಲಿದ್ದೆ. ಇಬ್ಬರ ನಡುವೆ ನೀರಿನ ಕೊಡ ಹಿಡಿದು ನಿಂತು, ದೊಡ್ಡಪ್ಪ ಹೇಳಿದ್ದು ಸರಿ ಎಂದೇ ಅಂದುಕೊಂಡಿದ್ದೆ.

ಇದೆಲ್ಲ ಈಗ ಯಾಕೆ ನೆನಪಾಯಿತು ಅಂದರೆ, ಇವತ್ತು ಬೆಳಿಗ್ಗೆ ಅಂಗಡಿಗೆ ಹೋಗಿ ಕಲ್ಲುಪ್ಪು ಕೇಳಿದೆ. ಅಂಗಡಿಯ ಸೆಲ್ವಣ್ಣ ಪೊಟ್ಟಣ ಕಟ್ಟುತ್ತ, “ಏನವ್ವಾ ಬಿ.ಎ., ಸಾರಿಗೋ, ಗೆರೆ ಎಳೆಯಕ್ಕೋ?” ಎಂದ. ಪಕ್ಕದಲ್ಲಿ ಬೀಡಿ ಕೊಳ್ಳುತ್ತಿದ್ದ ಇಬ್ಬರು ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಉಪ್ಪನ್ನು ಭರಣಿಗೆ ಸುರಿಯುವಾಗ ನಗು ಹೊರಟುಹೋಯಿತು. ಸುರಿದ ಉಪ್ಪು ಅಂಚಿನಲ್ಲಿ ಒಂದಿಷ್ಟು ಚೆಲ್ಲಿ ನೆಲದ ಮೇಲೆ ಬೆಳ್ಳಗೆ ಬಿದ್ದಿತ್ತು. ಅದನ್ನು ಗುಡಿಸಲು ಮನಸ್ಸು ಬರಲಿಲ್ಲ. ಬಾಗಿಲಿಗೆ ಒರಗಿ ಕೂತೆ.

ಬಿ.ಎ. ಎಂದು ನನ್ನನ್ನು ಕರೆಯುವುದು ಗೇಲಿಗೆ. ತಪ್ಪು ನನ್ನದೇ. ಪದವಿ ಮುಗಿದ ಹೊಸದರಲ್ಲಿ ರೇಷನ್ ಅಂಗಡಿಯಲ್ಲಿ ಹೆಸರು ಕೇಳಿದರೂ “ಮಂಜುಳಾ, ಬಿ.ಎ.” ಎನ್ನುತ್ತಿದ್ದೆ. ಹೇಳಬಾರದೇಕೆ? ನಮ್ಮ ಅಪ್ಪನ ಕಡೆಯಲ್ಲಿ, ಅಮ್ಮನ ಕಡೆಯಲ್ಲಿ, ಗುಂಡ್ಲುಪೇಟೆ ಸೀಮೆಯಿಂದ ದನ ಹೊಡೆದುಕೊಂಡು ಬಂದ ಮುತ್ತಜ್ಜನ ಕಾಲದಿಂದ, ಕಾಲೇಜಿನ ಮೆಟ್ಟಿಲು ಹತ್ತಿದವರು ಒಬ್ಬರೂ ಇರಲಿಲ್ಲ. ಅದಕ್ಕೆ ತಾಲೂಕು ಕಚೇರಿಯಲ್ಲಿ ಒಂದು ಪ್ರಮಾಣಪತ್ರವನ್ನೇ ಕೊಡುತ್ತಾರೆ, ಮನೆಯ ಮೊದಲ ಪದವೀಧರರು ಅಂತ. ಅದಿದ್ದರೆ ಶುಲ್ಕದಲ್ಲಿ ರಿಯಾಯಿತಿ. ನಮ್ಮ ಮನೆಯಲ್ಲಿ ಯಾರೂ ಓದಿಲ್ಲ ಎಂದು ಮುದ್ರೆ ಒತ್ತಿಸಿಕೊಳ್ಳಲು ನಾನೂ ಅಪ್ಪನೂ ಒಳ್ಳೆಯ ಬಟ್ಟೆ ಹಾಕಿಕೊಂಡು ಹೋಗಿದ್ದೆವು. ಹೊರಗೆ ಬಂದ ಮೇಲೆ ಅಪ್ಪ ಟೀ ಕೊಡಿಸಿ, “ಇದ ಯಾರ್ಗೂ ಓದಿ ಹೇಳ್ಬೇಡ” ಎಂದಿದ್ದರು.

ಊಟಿಯ ಕಾಲೇಜಿಗೆ ದಿನವೂ ಕಲ್ಲಟ್ಟಿ ಘಾಟಿನಲ್ಲಿ ಹೋಗಿಬರುವುದು. ಕೆಳಗೆ ಬಿಸಿಲು, ಮೇಲೆ ಮಂಜು; ಸ್ವೆಟರನ್ನು ಚೀಲದಲ್ಲಿಟ್ಟುಕೊಂಡು ಹೊರಟು ಅರ್ಧ ದಾರಿಯಲ್ಲಿ ಹಾಕಿಕೊಳ್ಳಬೇಕು. ತಿರುವುಗಳಲ್ಲಿ ವಾಂತಿ ಬರದಿರಲಿ ಎಂದು ಬಾಯಲ್ಲಿ ನಿಂಬೆ ಸಿಪ್ಪೆ. ಅರಸರ ವಂಶಾವಳಿಯನ್ನೆಲ್ಲ ನಿಂಬೆ ಸಿಪ್ಪೆ ಕಚ್ಚಿಕೊಂಡೇ ಬಾಯಿಪಾಠ ಮಾಡಿದ್ದು. ಈಗಲೂ ಯಾರಾದರೂ ಚೋಳರ ಮಾತೆತ್ತಿದರೆ ನನ್ನ ಬಾಯಿ ಕಹಿಯಾಗುತ್ತದೆ.

ಮಾತು ಎಲ್ಲಿಗೋ ಹೋಯಿತು. ಕ್ಲಬ್ಬಿನ ಕಥೆ ಹೇಳುತ್ತಿದ್ದೆ.

ಕಾಡು ನೋಡಲು ಬಂದ ವಿದೇಶದ ಪ್ರವಾಸಿಯೊಬ್ಬರು ಚಿಕ್ಕಪ್ಪನ ಜೀಪಿನಲ್ಲಿ ಒಂದು ವಾರ ಸುತ್ತಿದರು. ತಮ್ಮ ಊರಿನಲ್ಲಿ ರಗ್ಬಿ ಲೀಗ್ ಕಲಿಸುವವರಂತೆ. ರಗ್ಬಿಯಲ್ಲಿ ಹದಿನೈದು ಜನರದು ಒಂದು ಬಗೆ, ಹದಿಮೂರು ಜನರದು ಇನ್ನೊಂದು. ಈ ಹದಿಮೂರರದೇ ಲೀಗ್. ಹೋಗುವಾಗ ಅವರು ಚೆಂಡನ್ನು ಜೀಪಿನಲ್ಲೇ ಬಿಟ್ಟು ಹೋದರು. ಮರೆತದ್ದೋ ಕೊಟ್ಟದ್ದೋ ಗೊತ್ತಿಲ್ಲ. ಚಿಕ್ಕಪ್ಪ ಮಾತ್ರ “ಕೊಟ್ರು” ಎಂದೇ ಕೊನೆಯವರೆಗೂ ಸಾಧಿಸಿದರು. ಹದಿಮೂರರ ಆಟವೇ ನಮಗೆ ತಕ್ಕದ್ದು ಎಂಬುದಕ್ಕೆ ಅವರ ಬಳಿ ಕಾರಣವೂ ಇತ್ತು: ಮಸಿನಗುಡಿಯಲ್ಲಿ ಹದಿನೈದು ಗಂಡಸರು ಒಂದೇ ಹೊತ್ತಿಗೆ ಸಿಗುವುದು ಸಾವಿನ ಮನೆಯಲ್ಲಿ ಮಾತ್ರ.

ಆಟ ಸುಲಭ. ಚೆಂಡು ಹಿಡಿದವನು ಓಡಬೇಕು, ಎದುರಿನವರು ಅವನನ್ನು ಕೆಡವಬೇಕು. ಬಿದ್ದವನು ಎದ್ದು ಚೆಂಡನ್ನು ಹಿಮ್ಮಡಿಯಿಂದ ಹಿಂದಕ್ಕೆ ಉರುಳಿಸಿದರೆ ಆಟ ಮುಂದುವರಿಯುತ್ತದೆ. ಹೀಗೆ ಆರು ಸಲ ಕೆಡವಿಸಿಕೊಂಡರೆ ಚೆಂಡು ಎದುರಿನವರದು. ಕೈಯಿಂದ ಎಸೆಯುವುದು ಹಿಂದಕ್ಕೆ ಮಾತ್ರ, ಮುಂದಕ್ಕೆ ಎಸೆಯುವಂತಿಲ್ಲ.

“ಹಿಂದಕ್ಕ ಎಸ್ದು ಮುಂದಕ್ಕ ಹೋಗದ?” ದೊಡ್ಡಪ್ಪ ಕೇಳಿದ್ದರು. “ಯಾವ ಬಡ್ಡೀಮಗ ಕಂಡ್ಹಿಡ್ದನ್ಲಾ ಇದ?”

ಆಡುವವರು ಯಾರು ಅಂದರೆ ಜೀಪು ಓಡಿಸುವವರು, ದನ ಮೇಯಿಸುವವರು, ರೆಸಾರ್ಟುಗಳಲ್ಲಿ ತಟ್ಟೆ ಎತ್ತುವವರು. ವಾರವಿಡೀ “ಸರಿ ಸಾರ್, ಆಯ್ತು ಸಾರ್” ಎನ್ನುವವರು. ಭಾನುವಾರ ಬಂದರೆ ಅವರ ನಡಿಗೆಯೇ ಬೇರೆ. ಗೂಡಲೂರಿನಲ್ಲಿ ಒಂದು ತಂಡ, ದೇವಾಲದ ಎಸ್ಟೇಟ್ ಕೂಲಿಗಳ ಲೈನುಮನೆಗಳಲ್ಲಿ ಒಂದು, ಕೋತಗಿರಿಯ ಕಡೆ ಒಂದು. ಒಬ್ಬರನ್ನು ನೋಡಿ ಒಬ್ಬರು ಕಟ್ಟಿಕೊಂಡವರೇ. ಎಲ್ಲ ಸೇರಿ ಒಂದು ಕೂಟವಾಯಿತು. ಕೋತಗಿರಿಯಲ್ಲಿ ಮೈದಾನದ ಸುತ್ತಲೂ ಟೀ ಗಿಡ. ಚೆಂಡು ಗಿಡದೊಳಗೆ ಹೋದರೆ ಎಲೆ ಕೀಳುವ ಹೆಂಗಸರು ಹುಡುಕಿ ಕೊಡುವ ತನಕ ಎರಡೂ ಕಡೆಯವರು ಕೈಕಟ್ಟಿ ನಿಲ್ಲಬೇಕು. ದೇವಾಲದಲ್ಲಿ ಕೆಸರು. ಒಣನೆಲದ ನಮ್ಮ ಹುಡುಗರು ಅಲ್ಲಿ ಆಡಿದ್ದಕ್ಕಿಂತ ಜಾರಿದ್ದು ಹೆಚ್ಚು.

ನಮ್ಮ ಮೊದಲ ಮೈದಾನ ಕೆರೆಯಂಗಳ. ಬೇಸಿಗೆಯಲ್ಲಿ ಬಿರುಕು ಬಿಟ್ಟ ನೆಲ, ಬಿದ್ದವರ ಮೊಣಕೈಯಲ್ಲೆಲ್ಲ ಅದರ ಗುರುತು. ಒಂದು ವರ್ಷ ಮಳೆ ಬೇಗ ಬಂದು ಗೋಲಿನ ಕಂಬಗಳು ನೀರಿನಲ್ಲಿ ನಿಂತವು. ಒಂದರ ಮೇಲೆ ಕೊಕ್ಕರೆ. ದೇವಾಲದವರು ಬಸ್ಸಿಳಿದು ಬಂದು ನೋಡಿ, “ಅಣ್ಣಾ, ಈಜೋ ಪಂದ್ಯ ಅಂತ ಮೊದ್ಲೇ ಹೇಳೋದಲ್ವಾ?” ಎಂದರು. ಅವರಿಗೆ ಊಟ ಹಾಕಿ ಕಳಿಸಿದ್ದಾಯಿತು.

ಆಗ ಚಿಕ್ಕಪ್ಪ ಹೋಗಿ ಕೂತದ್ದು ದೊಡ್ಡಪ್ಪನ ಮುಂದೆ.

ದೊಡ್ಡಪ್ಪನದು ದೊಡ್ಡಿ. ಕಾಡಿನ ಅಂಚಿನಲ್ಲಿ, ಮುಳ್ಳುಬೇಲಿ ಹಾಕಿದ ವಿಶಾಲ ಬಯಲು. ಊರಿನ ಹತ್ತಾರು ಮನೆಯ ದನಗಳು ಹಗಲು ಕಾಡಿನಲ್ಲಿ ಮೇದು ರಾತ್ರಿ ಅಲ್ಲಿ ತಂಗುತ್ತಿದ್ದವು. ಬೇರೆ ಊರುಗಳಲ್ಲಿ ಹಾಲಿಗಾಗಿ ದನ ಸಾಕುತ್ತಾರೆ. ನಮ್ಮಲ್ಲಿ ಸಗಣಿಗಾಗಿ. ಒಣಗಿದ ಸಗಣಿ ಲಾರಿ ಹತ್ತಿ ಮೇಲಿನ ಟೀ ತೋಟಗಳಿಗೆ, ಕೇರಳದ ಕಡೆಗೆ ಹೋಗುತ್ತಿತ್ತು. ನನ್ನ ಸ್ವೆಟರು, ನಿಂಬೆಹಣ್ಣು, ಪುಸ್ತಕ ಎಲ್ಲವೂ ಸಗಣಿಯಿಂದಲೇ ಬಂದವು. ಕಾಲೇಜಿನಲ್ಲಿ ಒಬ್ಬಳು ಮೂಗು ಮುಚ್ಚಿಕೊಂಡಾಗ ಎರಡು ದಿನ ಅತ್ತಿದ್ದೆ, ಮೂರನೆಯ ದಿನ ಅವಳ ಪಕ್ಕದಲ್ಲೇ ಹೋಗಿ ಕೂತೆ.

ದೊಡ್ಡಪ್ಪ ಎಲೆಅಡಿಕೆ ಉಗಿದು ಹೇಳಿದರು: “ಜಾಗ ಕೊಡ್ತೀನಿ. ದನ ಕಾಡ್ಗ ಹೋದ್ ಮ್ಯಾಲ ಬನ್ನಿ, ದನ ಬರೋಷ್ಟ್ರಲ್ಲಿ ಹೋಗಿ. ಆಡಕ್ ಮುಂಚ ಸಗಣಿ ನೀವೇ ಬಾಚ್ಬೇಕು.”

“ಆಯ್ತಣ್ಣ.”

“ಬಂದ ಟೀಮ್ನೋರೂ ಬಾಚ್ಬೇಕು.”

“ಅಣ್ಣಾ, ಅವ್ರು ನೆಂಟ್ರಿದ್ದಂಗ…”

“ಅವ್ರೇನ್ ನೆಲ ಮುಟ್ಟದಂಗ ಆಡಾರ?”

ಹಾಗೆ ಶುರುವಾಯಿತು ಆ ಪದ್ಧತಿ. ಪಂದ್ಯಕ್ಕೆ ಮೊದಲು ಎರಡೂ ತಂಡದವರು ಸಾಲಾಗಿ ನಿಂತು, ಇಬ್ಬರಿಗೊಂದು ಹೆಡಿಗೆ ಹಿಡಿದು, ಈ ತುದಿಯಿಂದ ಆ ತುದಿಯವರೆಗೆ ಸಗಣಿ ಬಾಚಿಕೊಂಡು ಹೋಗುವುದು. ಕೋತಗಿರಿಯವರು ಮೊದಲ ಸಲ ಬಿಳಿ ಕಾಲುಚೀಲ ಹಾಕಿಕೊಂಡು ಬಂದಿದ್ದರು, ಪಾಪ. ಅವರ ನಾಯಕ ಬೋಜಣ್ಣ ಹೆಡಿಗೆಯನ್ನೂ ನಮ್ಮನ್ನೂ ನೋಡಿ, “ಇದು ರೂಲ್ಸಲ್ಲಿ ಇದೆಯಾ?” ಎಂದು ಕೇಳಿದ. ದೊಡ್ಡಪ್ಪ ಮಂಚದ ಮೇಲಿಂದಲೇ, “ನಮ್ ರೂಲ್ಸಲ್ಲಿ ಅದ” ಎಂದರು. ಬೋಜಣ್ಣ ಬಾಚಿದ. ಒಂದು ವಿಚಿತ್ರ ಏನೆಂದರೆ, ನಮ್ಮ ಮೈದಾನದಲ್ಲಿ ಯಾವತ್ತೂ ಹೊಡೆದಾಟ ಆಗಲಿಲ್ಲ. ಗೂಡಲೂರಿನಲ್ಲಿ ಆಗುತ್ತಿತ್ತು, ದೇವಾಲದಲ್ಲಿ ಆಗುತ್ತಿತ್ತು. ಇಲ್ಲಿ ಇಲ್ಲ. ಒಂದೇ ಹೆಡಿಗೆಯ ಎರಡು ಕಿವಿ ಹಿಡಿದು ಸಗಣಿ ಹೊತ್ತವರು ಆಮೇಲೆ ಕತ್ತಿನ ಪಟ್ಟಿ ಹಿಡಿಯುವುದು ಹೇಗೆ?

ಈ ಆಟ ಆಗಕ್ಕಿಲ್ಲ ಎಂದಿದ್ದ ದೊಡ್ಡಪ್ಪ ಒಂದು ಪಂದ್ಯವನ್ನೂ ಬಿಟ್ಟವರಲ್ಲ. ಬೇಲಿಯ ಪಕ್ಕ ಹಗ್ಗದ ಮಂಚ, ಮಂಡಿಯ ಮೇಲೆ ಕಂಬಳಿ, ಬಾಯಿಗೆ ಬಿಡುವಿಲ್ಲ. “ಎಳಗರೂನ ಹಿಡ್ದಂಗ ಹಿಡೀತೀಯಲ್ಲೋ! ಕಾಲ್ಗ ಬೀಳೋ!” ಎಂದು ನಮ್ಮವರಿಗೆ, “ನಿಮ್ಮೂರಲ್ಲಿ ರಾಗಿ ಬೆಳ್ಯಕ್ಕಿಲ್ವ?” ಎಂದು ಎದುರಿನವರಿಗೆ. ಪಂದ್ಯ ಮುಗಿದ ಮೇಲೆ ಯಾರಾದರೂ ಹೇಗಿತ್ತು ಎಂದು ಕೇಳಿದರೆ, “ಕೆಟ್ಟಾಟ” ಎನ್ನುವರು.

ನಾನು ಪದವಿ ಮುಗಿಸಿದ ವರ್ಷ ನನ್ನನ್ನು ಕ್ಲಬ್ಬಿನ ಕಾರ್ಯದರ್ಶಿ ಮಾಡಿದರು. ಕೂಟಕ್ಕೆ ಇಂಗ್ಲಿಷಿನಲ್ಲಿ ಪತ್ರ ಬರೆಯಬೇಕಿತ್ತು, ಬೇರೆ ಯಾರೂ ಇರಲಿಲ್ಲ. ಕ್ಲಬ್ಬಿನ ಕಾಗದದ ಮೇಲೆ ನನ್ನ ಹೆಸರಿನ ಪಕ್ಕ ಬಿ.ಎ. ಎಂದು ಅಚ್ಚು ಹಾಕಿಸಿದೆ. ಕ್ಲಬ್ಬಿನ ಹೆಸರಿಗಿಂತ ಅದೇ ಸ್ವಲ್ಪ ದೊಡ್ಡದಾಗಿ ಬಂತು. ಅಚ್ಚಿನವನ ತಪ್ಪು ಎಂದು ಹೇಳಿಕೊಂಡು ತಿರುಗಿದೆ.

ಆಮೇಲೆ ಬಂತು ನಮ್ಮ ದೊಡ್ಡಿಯಲ್ಲಿ ಗೂಡಲೂರಿನವರ ಜೊತೆಗಿನ ಆ ಪಂದ್ಯ.

ಆ ವಾರ ಘಾಟಿನಲ್ಲಿ ಮಣ್ಣು ಕುಸಿದು ಲಾರಿ ಬರಲಿಲ್ಲ. ಮೈದಾನದ ಗೆರೆ ಎಳೆಯಲು ಊರಿನಲ್ಲಿ ಸುಣ್ಣದ ಪುಡಿ ಇರಲಿಲ್ಲ. ಗೆರೆ ಇಲ್ಲದೆ ಆಡಿಸುವುದಿಲ್ಲ ಎಂದು ಕೂಟದವರು ಮೊದಲೇ ಎಚ್ಚರಿಸಿದ್ದರು. ಚಿಕ್ಕಪ್ಪ ಅಲ್ಲಿ ಇಲ್ಲಿ ಓಡಾಡಿ, ಕೊನೆಗೆ ದೊಡ್ಡಿಯ ಉಗ್ರಾಣದ ಬಾಗಿಲು ತೆಗೆದರು. ದನಗಳಿಗೆ ಹಾಕುವ ಉಪ್ಪಿನ ಮೂಟೆಗಳಿದ್ದವು. ಒನಕೆಯಲ್ಲಿ ಕುಟ್ಟಿ ಪುಡಿ ಮಾಡಿ ಗೆರೆ ಎಳೆದರು. ಅಷ್ಟು ಚೆಂದದ ಗೆರೆ ನಾವು ಕಂಡಿರಲಿಲ್ಲ. ಬಿಸಿಲಿಗೆ ಮಿಣಮಿಣ ಹೊಳೆಯುತ್ತಿತ್ತು. ಗೂಡಲೂರಿನವರು ಕೂಡ, “ನಿಮ್ಮ ಗ್ರೌಂಡು ಟಿ.ವಿ.ಯಲ್ಲಿ ಬಂದಂಗಿದೆ” ಎಂದರು. ನಮಗೆ ಏನೂ ಹೊಳೆಯಲಿಲ್ಲ. ಹುಟ್ಟಿದಂದಿನಿಂದ ದನಗಳ ನಡುವೆ ಬೆಳೆದ ಒಬ್ಬರಿಗೂ ಹೊಳೆಯಲಿಲ್ಲ. ಆ ದಿನ ಗೆದ್ದೆವು. ಬಿದ್ದು ಎದ್ದವರ ಮೈಯ ತರಚುಗಾಯಗಳಿಗೆ ಉಪ್ಪು ಹತ್ತಿ ಒಬ್ಬೊಬ್ಬರೂ ಹಲ್ಲು ಕಚ್ಚಿಕೊಂಡು ಕುಣಿದರು. ಗೆದ್ದ ಸಂತೋಷಕ್ಕೆ ಕುಣಿದದ್ದು ಎಂದು ಎದುರಿನವರು ತಿಳಿದರು.

ಸಂಜೆ ದನ ಬಂದವು. ಬಂದವುಗಳಲ್ಲಿ ಒಂದೂ ತನ್ನ ಜಾಗಕ್ಕೆ ಹೋಗಲಿಲ್ಲ. ಗೆರೆಗೆ ಮೂತಿ ಇಟ್ಟು ನಿಂತವು. ಎರಡೂ ಕಡೆಯ ಉದ್ದಗೆರೆ, ಎರಡೂ ತುದಿಯ ಅಡ್ಡಗೆರೆ, ನಡುಗೆರೆ, ಎಲ್ಲ ಕಡೆಯೂ ಸಾಲುಗಟ್ಟಿದ ದನಗಳು. ಎತ್ತರದಿಂದ ನೋಡಿದ್ದರೆ ಮೈದಾನದ ನಕ್ಷೆಯನ್ನು ದನಗಳಲ್ಲೇ ಬರೆದಂತೆ ಕಾಣುತ್ತಿತ್ತೇನೋ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ದೊಡ್ಡಪ್ಪ ಕೋಲು ಎತ್ತಿಕೊಂಡು ಚಿಕ್ಕಪ್ಪನ ಹಿಂದೆ ಓಡಿದರು.

“ಉಪ್ಪ? ಗೆರೆಗ ಉಪ್ಪ?”

“ಬೆಳ್ಳಗಿತ್ತಣ್ಣ!” ಚಿಕ್ಕಪ್ಪ ಓಡುತ್ತಲೇ ಕೂಗಿದರು. “ಬೆಳ್ಳಗಿತ್ತು ಅಂತ ಹಾಕ್ದೆ!”

ಆ ಮೈದಾನದಲ್ಲಿ ನಾವು ನಕ್ಕದ್ದು ಅದೇ ಕೊನೆ.

ಬೆಳಿಗ್ಗೆ ಹೋಗಿ ನೋಡಿದರೆ ಬೇಲಿ ಒಂದು ಕಡೆ ಇಲ್ಲ. ಗೋಲಿನ ಕಂಬ ಮುರಿದು ಬಿದ್ದಿದೆ. ಗೆರೆ ಇದ್ದಲ್ಲೆಲ್ಲ ನೆಲ ಉತ್ತಂತೆ ಕಿತ್ತುಹೋಗಿದೆ, ಅದರ ಮೇಲೆ ಮೊರದಷ್ಟು ಅಗಲದ ಹೆಜ್ಜೆಗಳು. ದನಗಳು ಒಂದು ಮೂಲೆಯಲ್ಲಿ ಒತ್ತಿಕೊಂಡು ನಿಂತಿದ್ದವು, ಒಂದಕ್ಕೂ ಏನೂ ಆಗಿರಲಿಲ್ಲ. ಆನೆಗಳಿಗೆ ಬೇಕಾಗಿದ್ದು ಉಪ್ಪು ಮಾತ್ರ. ಎರಡು ದಿನ ಬಿಟ್ಟು ಮಳೆ ಬಂತು, ಉಳಿದ ಉಪ್ಪು ಮಣ್ಣಿಗಿಳಿಯಿತು. ಆನೆಗಳು ಮತ್ತೆ ಬಂದವು. ಬೇಲಿ ಕಟ್ಟಿದೆವು, ಬಂದವು. ಕಂಬ ನೆಟ್ಟೆವು, ಕಿತ್ತವು. ಮರಿಗಳನ್ನೂ ಕರೆದುಕೊಂಡು ಬಂದವು. ಆನೆ ಒಂದು ಸಲ ಕಲಿತ ದಾರಿಯನ್ನು ಬಿಡುವುದಿಲ್ಲ. ಮರಿಗೂ ಕಲಿಸಿಕೊಟ್ಟು ಹೋಗುತ್ತದೆ.

ಮುಂದಿನ ಬೇಸಿಗೆಯಲ್ಲಿ ಅಧಿಕಾರಿಗಳು ಬಂದು ಹೆಜ್ಜೆ ನೋಡಿದರು, ಅಳತೆ ಮಾಡಿದರು, ಇದು ಆನೆಗಳು ಓಡಾಡುವ ಜಾಗ ಎಂದು ಕಲ್ಲು ನೆಟ್ಟರು. ದೊಡ್ಡಿ ತೆಗೆಯಬೇಕಾಯಿತು. ಅವರ ಮೇಲೆ ನನಗೆ ಕೋಪವಿಲ್ಲ. ಆನೆಗೂ ಹೋಗಲು ಜಾಗ ಬೇಕು, ಅದು ನನಗೂ ಗೊತ್ತು. ಆ ಬಯಲು ನಕ್ಷೆಯಲ್ಲಿ ಮೊದಲಿನಿಂದಲೂ ಆನೆದಾರಿಯೇ, ಇವತ್ತಲ್ಲ ನಾಳೆ ಹೋಗುತ್ತಿತ್ತು ಎಂದು ತಿಳಿದವರು ಹೇಳುತ್ತಾರೆ. ಉಪ್ಪಿನಿಂದ ಹೋಯಿತು ಎಂದು ಊರು ಹೇಳುತ್ತದೆ. ಯಾವುದು ನಿಜ ಎಂದು ಹೇಳಲು ನನ್ನ ಬಿ.ಎ. ಸಾಲದು. ಚಿಕ್ಕಪ್ಪ ಮಾತ್ರ ಊರಿನ ಮಾತನ್ನೇ ನಂಬಿದರು. ಜೀಪು ಮಾರಿ ಕೊಯಮತ್ತೂರಿನ ಒಂದು ಗಿರಣಿಗೆ ಕಾವಲಿಗೆ ಹೋದರು. ಹಬ್ಬಕ್ಕೆ ಬಂದರೂ ಆ ಕಡೆಗೆ ಹೋಗುವುದಿಲ್ಲ. ದನಗಳನ್ನು ಮನೆಮನೆಯವರು ಮಾರಿಕೊಂಡರು. ದೊಡ್ಡಪ್ಪನ ಹತ್ತಿರ ಈಗಿರುವುದು ಒಂದು ಎಮ್ಮೆ.

ಕೂಟದ ನಿಯಮ ಸರಳ: ಸ್ವಂತ ಮೈದಾನ ಇಲ್ಲದ ಕ್ಲಬ್ಬಿಗೆ ಕೂಟದಲ್ಲಿ ಜಾಗ ಇಲ್ಲ. ಎಲ್ಲರ ಮನೆಗೂ ಊಟಕ್ಕೆ ಹೋಗಿ ಯಾರನ್ನೂ ಮನೆಗೆ ಕರೆಯದಿದ್ದರೆ ಹೇಗೆ? ನಮಗೆ ಒಂದು ಸೀಸನ್ ವಿನಾಯಿತಿ ಕೊಟ್ಟರು, ಇನ್ನೊಂದನ್ನೂ ಕೊಟ್ಟರು. ಈ ಸೀಸನ್ ಮುಗಿಯುವುದರೊಳಗೆ ಮೈದಾನ ತೋರಿಸಬೇಕು, ಇಲ್ಲವೇ ಹೊರಗೆ.

ಹುಡುಕಿದೆ. ಒಬ್ಬಳು ಕಾರ್ಯದರ್ಶಿ ಹುಡುಕಬಹುದಾದ ಕಡೆಯೆಲ್ಲ ಹುಡುಕಿದೆ. ಶಾಲೆಯ ಅಂಗಳ ಚಿಕ್ಕದು. ಹೆಡ್‌ಮಾಸ್ಟರು ಟೀ ಕೊಟ್ಟು, ತಾವೇ ಹೆಜ್ಜೆಯಿಟ್ಟು ಅಳೆದು ತೋರಿಸಿ, “ಇನ್ನೂ ಇಷ್ಟು ಬೇಕಲ್ಲಮ್ಮ” ಎಂದು ನನಗಿಂತ ಹೆಚ್ಚು ನೊಂದುಕೊಂಡರು. ಹುರುಳಿ ಬಿತ್ತುವ ಹೊಲದವರು ಬಿತ್ತನೆ ಬಿಡುವುದಿಲ್ಲ, ಬಿಡು ಎಂದು ಕೇಳಲು ನನಗೂ ಬಾಯಿ ಬರಲಿಲ್ಲ. ಒಂದು ರೆಸಾರ್ಟಿನ ಮ್ಯಾನೇಜರು ಹುಲ್ಲುಹಾಸು ಕೊಟ್ಟರು. ಅಲ್ಲಿ ಒಂದೇ ಒಂದು ಅಭ್ಯಾಸ ನಡೆಯಿತು. ನಮ್ಮ ಹುಡುಗರು ಆ ಮೆತ್ತನೆಯ ಹುಲ್ಲಿನ ಮೇಲೆ ಬೀಳಲು ನಾಚಿಕೊಂಡರು. ಕೆಲವರು ವಾರದ ದಿನಗಳಲ್ಲಿ ಅದೇ ಹುಲ್ಲಿಗೆ ನೀರು ಹಾಕುವವರು. “ಅಕ್ಕಾ, ಕಿತ್ತೋಯ್ತದ” ಎನ್ನುತ್ತ ಒಬ್ಬರನ್ನೊಬ್ಬರು ಮೆಲ್ಲಗೆ ಮಲಗಿಸಿದರು. ಮುಂದಿನ ತಿಂಗಳು, ಅದೂ ಆನೆದಾರಿಯಲ್ಲಿದೆ ಎಂದು, ಆ ರೆಸಾರ್ಟಿಗೇ ಬೀಗ ಬಿತ್ತು. ಹುಲ್ಲೂ ಒಣಗಿತು, ನೀರು ಹಾಕುತ್ತಿದ್ದವರ ಕೆಲಸವೂ ಹೋಯಿತು.

ಹದಿಮೂರು ಜನ ಸೇರುವುದೇ ಕಷ್ಟವಾಗುತ್ತ ಬಂತು. ಮೈದಾನ ಇದ್ದಾಗ ಯಾರೂ ಯಾರನ್ನೂ ಕರೆಯುತ್ತಿರಲಿಲ್ಲ, ದನ ಕಾಡಿಗೆ ಹೋಯಿತು ಅಂದರೆ ಬಂದು ಸೇರುತ್ತಿದ್ದರು. ಈಗ ಫೋನು ಮಾಡಬೇಕು. ಫೋನು ಮಾಡಿದರೆ, “ಎಲ್ಲಿಗಕ್ಕಾ?” ಎನ್ನುತ್ತಾರೆ.

ಕೊನೆಯ ಪಂದ್ಯ ಕಳೆದ ತಿಂಗಳು ಗೂಡಲೂರಿನಲ್ಲಿ. ನಾನು ಕೂಟದ ಅಧ್ಯಕ್ಷರ ಮುಂದೆ ಹೋಗಿ ನಿಂತು, ಇನ್ನೊಂದು ಸೀಸನ್ ಎಂದು ಕೇಳಿದೆ. ನಿವೃತ್ತ ಮೇಷ್ಟರು, ಮಲೆಯಾಳದವರು, ಒಳ್ಳೆಯವರು. ನಮ್ಮ ದೊಡ್ಡಿಗೆ ಪಂದ್ಯ ನೋಡಲು ಬಂದ ಎರಡು ಸಲವೂ ತಾವೇ ಹೆಡಿಗೆ ಹಿಡಿದವರು.

“ಮೋಳೇ, ಮಗಳೇ,” ಎಂದರು, “ಜಾಗ ಸಿಕ್ಕುತ್ತೆ ಅಂತ ನಿನಗೆ ನಂಬಿಕೆ ಇದೆಯಾ? ಇದೆ ಅಂತ ಹೇಳು, ನಾನು ಎಲ್ಲರ ಹತ್ತಿರ ಜಗಳ ಆಡ್ತೀನಿ.”

ಇದೆ ಎಂದು ಹೇಳಬಹುದಿತ್ತು. ಒಂದು ಮಾತು. ಆದರೆ ನಾನು ಆ ಮೈದಾನದ ಮೇಲೆ ನಿಂತಿದ್ದೆ. ಹಿಂದೆ ನಮ್ಮ ಹುಡುಗರು ಬೂಟಿನ ದಾರ ಕಟ್ಟುತ್ತಿದ್ದರು, ಇಬ್ಬರನ್ನು ಗೂಡಲೂರಿನವರಿಂದಲೇ ಸಾಲ ಪಡೆದು ಹದಿಮೂರು ಮಾಡಿದ್ದೆವು. ತಲೆ ತಗ್ಗಿಸಿದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು ಆ ಕಡೆ ಹೋದರು.

ಪಂದ್ಯ ಸೋತೆವು. ಕೆಟ್ಟದಾಗಿ ಸೋತೆವು. ಆಮೇಲೆ ಮೈಕಿನಲ್ಲಿ ನಮ್ಮ ಕ್ಲಬ್ಬಿನ ಹೆಸರು ಕರೆದರು. ಇಷ್ಟು ವರ್ಷ ಕೂಟದ ಸದಸ್ಯರಾಗಿದ್ದುದಕ್ಕೆ ಒಂದು ಗೌರವ ಪ್ರಮಾಣಪತ್ರ. ದಪ್ಪ ಕಾಗದ, ಚಿನ್ನದ ಬಣ್ಣದ ಅಂಚು. ಮೂರೂ ತಂಡದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬೋಜಣ್ಣ ಕೋತಗಿರಿಯಿಂದ ಇದಕ್ಕಾಗಿಯೇ ತನ್ನ ತಂಡವನ್ನು ಕರೆದುಕೊಂಡು ಬಂದಿದ್ದ, ಕಣ್ಣು ಒರೆಸಿಕೊಳ್ಳುತ್ತಿದ್ದ. ನಾನು ಹೋಗಿ ತೆಗೆದುಕೊಂಡೆ, ನಮಸ್ಕಾರ ಮಾಡಿದೆ. ಹೆಸರಿನ ಜೊತೆ ಬಿ.ಎ. ಎಂದು ಓದಿದರೋ ಇಲ್ಲವೋ ಗಮನಿಸಲಿಲ್ಲ.

ದೊಡ್ಡಪ್ಪ ಬಾಡಿಗೆ ಜೀಪಿನಲ್ಲಿ ನಮ್ಮ ಜೊತೆಗೇ ಬಂದಿದ್ದರು. ಮಂಚವಿಲ್ಲದೆ, ಗೆರೆಯ ಪಕ್ಕದಲ್ಲಿ ಬರಿನೆಲದ ಮೇಲೆ ಕೂತಿದ್ದರು. ಆವತ್ತು ಇಡೀ ಪಂದ್ಯಕ್ಕೆ ಒಂದು ಮಾತೂ ಆಡಿರಲಿಲ್ಲ. ಪತ್ರವನ್ನು ತಂದು ಅವರ ಕೈಗೆ ಕೊಟ್ಟೆ. ಕೈಯನ್ನು ಪಂಚೆಗೆ ಒರೆಸಿಕೊಂಡು, ಎರಡೂ ಕೈಯಲ್ಲಿ ಹಿಡಿದುಕೊಂಡರು. ಅದನ್ನು ನೋಡಲಿಲ್ಲ. ನೆಲದಲ್ಲಿ ಕೂತು ಬೂಟು ಬಿಚ್ಚುತ್ತಿದ್ದ ಹುಡುಗರನ್ನೇ ಒಬ್ಬೊಬ್ಬರನ್ನಾಗಿ ನೋಡುತ್ತಿದ್ದರು, ಸಂಜೆ ಕಾಡಿನಿಂದ ಬಂದ ದನ ಎಣಿಸುವ ಹಾಗೆ. ಆಮೇಲೆ ಕೇಳಿದರು:

“ಇನ್ ಮ್ಯಾಲ ಭಾನ್ವಾರ ಬಂದ್ರ, ಇವೆಲ್ಲ ಎಲ್ಗ ಹೋದಾವು ಕೂಸೇ?”